ಕಿರಿಯರು ಮೊದಲು ಎಂದು ಅಚ್ಚು ಹಾಕಿಸಿದ ಜರ್ಮನಿಯ ಮಹನೀಯರಿಗೆ

ಇಂದ: ಯಶ್ವಂತ್, ಪಂಪು ಪರೀಕ್ಷಾ ವಿಭಾಗದ ಎಂಜಿನಿಯರ್, ಗಣಪತಿ ಬಡಾವಣೆ, ಕೊಯಮತ್ತೂರು.

ಗೆ: ಆಟದ ಪೆಟ್ಟಿಗೆ ತಯಾರಕರು, ಜರ್ಮನಿ. (ಪೆಟ್ಟಿಗೆಯ ಹಿಂಬದಿಯಲ್ಲಿದ್ದ ವಿಳಾಸದ ಉಳಿದ ಸಾಲುಗಳ ಮೇಲೆ ಸಾಂಬಾರು ಬಿದ್ದಿದೆ. ಅಂಚೆಯವರು ದೊಡ್ಡ ಮನಸ್ಸು ಮಾಡಿ ಹುಡುಕಿಕೊಳ್ಳಬೇಕು.)

ಜುಲೈ 2009

ಮಾನ್ಯರೇ,

ತಾವು, ತಮ್ಮ ಮನೆಯವರು ಹಾಗೂ ತಮ್ಮ ಕಾರ್ಖಾನೆಯಲ್ಲಿ ಹೆಬ್ಬೆರಳಿನಷ್ಟೂ ಇಲ್ಲದ ಮರದ ಕುರಿಗಳಿಗೆ ಒಂದೊಂದಾಗಿ ಬಿಳಿ ಬಣ್ಣ ಬಳಿಯುವ ಸಮಸ್ತ ನೌಕರರು ಕ್ಷೇಮವಾಗಿರುವಿರೆಂದು ನಂಬಿ, ಎರಡೂ ಕೈ ಜೋಡಿಸಿ ವಂದಿಸಿ, ಈ ದೂರನ್ನು ತಮ್ಮ ಪಾದದ ಬಳಿ ಇಡುತ್ತಿದ್ದೇನೆ. ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕ್ಷಮಿಸಬೇಕು. ನಾನು ರಾಣೆಬೆನ್ನೂರಿನವನು. ಕೊಯಮತ್ತೂರಿಗೆ ಬಂದು ಐದು ವರ್ಷವಾಯಿತು, ಅಂಗಡಿಯಲ್ಲಿ, ಬಸ್ಸಿನಲ್ಲಿ ತಮಿಳು ಸರಾಗವಾಗಿಯೇ ಬರುತ್ತದೆ, ಆದರೆ ಸಿಟ್ಟು ಮಾತ್ರ ಇವತ್ತಿಗೂ ಕನ್ನಡದಲ್ಲೇ ಬರುತ್ತದೆ. ಹದಿನಾರು ಪುಟ ಜರ್ಮನ್ ಭಾಷೆಯ ನಡುವೆ ಒಂದೇ ಒಂದು ಹಾಳೆ ಇಂಗ್ಲಿಷ್ ಸಿಕ್ಕಿಸಿ, ನಾವು ಹೇಗೋ ಅರ್ಥ ಮಾಡಿಕೊಳ್ಳುತ್ತೇವೆ ಎಂದು ತಾವು ನಮ್ಮ ಮೇಲೆ ಇಟ್ಟ ಭರವಸೆಯನ್ನೇ ನಾನೂ ತಮ್ಮ ಮೇಲೆ ಇಟ್ಟಿದ್ದೇನೆ.

ತಮ್ಮ ಪೆಟ್ಟಿಗೆ ನಮ್ಮ ಮನೆ ಹೊಕ್ಕ ಬಗೆಯನ್ನು ಮೊದಲು ಅರಿಕೆ ಮಾಡಿಕೊಳ್ಳುತ್ತೇನೆ. 2007ರಲ್ಲಿ ನನಗೂ, ನಮ್ಮ ಕಾರ್ಖಾನೆಯ ಡ್ರಾಯಿಂಗ್ ವಿಭಾಗದಲ್ಲಿರುವ ತೆನ್ಮೊಳಿಗೂ ಮದುವೆಯಾಯಿತು. ತಲೆಮಾರುಗಳಿಂದ ಇಲ್ಲೇ ಹತ್ತಿರದ ಅನ್ನೂರಿನಲ್ಲಿ ಬೇಸಾಯ ಮಾಡಿಕೊಂಡು, ಮನೆಯೊಳಗೆ ಕನ್ನಡ, ಹೊಸಲು ದಾಟಿದರೆ ತಮಿಳು ಎಂದು ಬದುಕುತ್ತಿರುವ ಮನೆತನದ ಹುಡುಗಿ ಅವಳು. ಹೊಸ ಸಂಸಾರ, ಭಾನುವಾರದ ಮಧ್ಯಾಹ್ನಗಳು, ಇಬ್ಬರೂ ಕೂತು ಆಡುವಂಥದ್ದೊಂದು ಆಟ ಬೇಕು ಎನಿಸಿತು. ಗಾಂಧಿಪುರಂನ ಅಂಗಡಿ ಅಂಗಡಿ ಅಲೆದೆವು. ಎಲ್ಲರೂ ಹಾವು ಏಣಿಯನ್ನೋ ಕೇರಂ ಬೋರ್ಡನ್ನೋ ತೋರಿಸಿದರು. ಕೇರಂ ತಂದೆವು. ನನ್ನ ಹೆಂಡತಿ ಸತತ ಹನ್ನೊಂದು ದಿನ ಗೆದ್ದಳು. ಹನ್ನೆರಡನೆಯ ದಿನ ಬೋರ್ಡು ಅಟ್ಟ ಸೇರಿತು. ಸೇರಿಸಿದವನು ನಾನೇ ಎಂದು ಒಪ್ಪಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಅದೇ ಹೊತ್ತಿಗೆ, ನಮ್ಮಲ್ಲಿ ಹೊಸ ಯಂತ್ರ ಕೂರಿಸಲು ಬಂದಿದ್ದ ತಮ್ಮ ದೇಶದ ಎಂಜಿನಿಯರೊಬ್ಬರು ಊರಿಗೆ ಹೊರಡುವ ದಿನ, ಮೂರು ತಿಂಗಳು ನಾನು ಅವರಿಗೆ ಖಾರವಿಲ್ಲದ ಊಟ ಹುಡುಕಿಕೊಟ್ಟ ಉಪಕಾರಕ್ಕೆಂದು ತಮ್ಮ ಪೆಟ್ಟಿಗೆಯನ್ನು ನನ್ನ ಕೈಯಲ್ಲಿಟ್ಟರು. ಆಟದ ಹೆಸರು ನಮ್ಮ ನಾಲಿಗೆಗೆ ಒಗ್ಗಲಿಲ್ಲ. ಗುಡ್ಡದ ಇಳಿಜಾರಿನಲ್ಲಿ ಹೊಲ ಮಾಡುವುದು, ಗೋಧಿ, ಮರ, ದ್ರಾಕ್ಷಿಯ ಚೀಟಿಗಳನ್ನು ಒಬ್ಬರಿಗೊಬ್ಬರು ಕೊಟ್ಟು ತೆಗೆದುಕೊಳ್ಳುವುದು, ಕುರಿ ಸಾಕುವುದು, ಮೊದಲು ಹತ್ತು ಮನೆ ಕಟ್ಟಿದವರು ಗೆದ್ದಂತೆ. ಎರಡು ದಾಳವೂ ಒಂದೇ ಸಂಖ್ಯೆ ತೋರಿದರೆ ಕಪ್ಪು ಮರದ ತೋಳವೊಂದು ಬಂದು ಕುರಿ ತಿನ್ನುತ್ತದೆ. ಆದ್ದರಿಂದ ನಮ್ಮಲ್ಲಿ ಅದು 'ತೋಳದ ಆಟ' ಆಯಿತು. ಎಂಥ ಸೊಗಸಾದ ಆಟ ಸ್ವಾಮಿ! ಸೋತರೂ ಖುಷಿಯಾಗುವ ಆಟವನ್ನು ನಾನು ಅದೇ ಮೊದಲು ಕಂಡಿದ್ದು. ಸಹೋದ್ಯೋಗಿ ಫಾತಿಮಾ ಪ್ರತಿ ಶನಿವಾರ ಸಂಜೆ ಬಂದು, ನನ್ನ ಕುರಿಗಳ ಮೇಲೆ ತೋಳ ಬಿಟ್ಟು, ನಮ್ಮ ಮನೆಯ ಚಹಾ ಕುಡಿದು ಹೋಗುತ್ತಿದ್ದಳು. 2008ರ ಬೇಸಿಗೆಯಲ್ಲಿ ಅವಳು ಬೇರೆ ಕೆಲಸ ಸಿಕ್ಕಿ ಹುಬ್ಬಳ್ಳಿಗೆ ಹೋದಳು. ಪೆಟ್ಟಿಗೆಯ ಮೇಲೆ ತಾವು 'ಮೂರರಿಂದ ನಾಲ್ಕು ಮಂದಿ' ಎಂದು ಅಚ್ಚು ಹಾಕಿಸಿದ್ದಿರಿ. ನಾವು ಇಬ್ಬರಾದೆವು. ಬೇರೆ ದಾರಿ ಕಾಣದೆ ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಅನ್ನೂರಿನ ಬಸ್ಸು ಹತ್ತಿದೆವು.

ಅನ್ನೂರಿನ ಸಂಗತಿ ತಮಗೆ ತಿಳಿದಿರಲಾರದು. ಅಲ್ಲಿ ನನ್ನ ಮಾವ ರಾಮಸಾಮಿಯವರೂ ಅವರ ಅಣ್ಣ ಸೆಲ್ಲಪ್ಪನ್ ಅವರೂ ಅಕ್ಕಪಕ್ಕದ ಮನೆಗಳಲ್ಲಿದ್ದಾರೆ. ಜಗಲಿಗೆ ಜಗಲಿ ತಾಗುತ್ತದೆ. ಬಾವಿ ಒಂದೇ, ಮೋಟಾರು ಒಂದೇ, ಮಾತು ಮಾತ್ರ ಇರಲಿಲ್ಲ. 2002ರಲ್ಲಿ ಬಾವಿಗೆ ಹೊಸ ಮೋಟಾರು ಕೂರಿಸಿದ ದಿನ, ಪೂಜೆಗೆ ಎಲ್ಲ ಅಣಿಯಾದ ಮೇಲೆ ಕರ್ಪೂರ ಮರೆತದ್ದು ನೆನಪಾಗಿ ಅಣ್ಣ ಮನೆಗೆ ಹೋದರು. ಅಷ್ಟರಲ್ಲಿ ತ್ರೀ ಫೇಸ್ ಕರೆಂಟು ಬಂತು. ಬಂದ ಕರೆಂಟು ಎಷ್ಟು ಹೊತ್ತು ಇರುತ್ತದೋ ಯಾರು ಬಲ್ಲರು ಎಂದು ಮಾವನವರು ಸ್ಟಾರ್ಟರಿನ ಹಸಿರು ಗುಂಡಿ ಒತ್ತಿಬಿಟ್ಟರು. ಕರ್ಪೂರದ ಡಬ್ಬಿ ಹಿಡಿದು ಬಂದ ಅಣ್ಣನ ಎದುರಿಗೆ ನೀರು ಆಗಲೇ ಕಾಲುವೆಯಲ್ಲಿ ಹರಿಯುತ್ತಿತ್ತು. ಹಿರಿಯವನಿರುವಾಗ ಕಿರಿಯವನು ಮೊದಲು ಕೈ ಹಾಕುವುದು ಆ ಮನೆತನದಲ್ಲಿ ಅದುವರೆಗೆ ನಡೆದಿರಲಿಲ್ಲ. ಅವರು ಡಬ್ಬಿಯನ್ನು ಬಾವಿಕಟ್ಟೆಯ ಮೇಲಿಟ್ಟು ಮನೆಗೆ ನಡೆದರು. ಅಲ್ಲಿಂದ ಆರು ವರ್ಷ ಮಾತಿಲ್ಲ.

ಇದರಲ್ಲಿ ಹೆಚ್ಚು ನೊಂದವಳು ತೆನ್ಮೊಳಿ. ಮಕ್ಕಳಿಲ್ಲದ ಆ ದೊಡ್ಡಪ್ಪ ಅವಳನ್ನು ಮೊಪೆಡ್ಡಿನ ಮೇಲೆ ಕೂರಿಸಿಕೊಂಡು ಹನ್ನೆರಡು ವರ್ಷ ಶಾಲೆಗೆ ಬಿಟ್ಟುಬಂದವರು. ನಮ್ಮ ಮದುವೆಗೆ ಬಂದರು, ಛತ್ರದ ಬಾಗಿಲಲ್ಲೇ ನಿಂತು ಅಕ್ಷತೆ ಹಾಕಿ ಉಣ್ಣದೆ ಹೋದರು. ಕಳೆದ ವರ್ಷ ಅವಳು ಬಸುರಿಯಾದಾಗ, ಏಳನೆಯ ತಿಂಗಳಲ್ಲಿ ಬಳೆ ತೊಡಿಸುವ ವಳೈಕಾಪ್ಪು ಶಾಸ್ತ್ರದ ಮಾತು ಬಂದ ಕೂಡಲೇ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಳು: "ದೊಡ್ಡಪ್ಪ ನಮ್ಮನೇಲಿ ಕೂತು ಸಾಪ್ಪಾಡು ಉಣ್ಣಬೇಕು. ಇಲ್ಲಾಂದ್ರೆ ನಂಗೆ ಬಳೆಯೂ ಬೇಡ, ಒಂದೂ ಬೇಡ." ಅವಳು ಹೇಳಿದರೆ ಹೇಳಿದಂತೆ. ಕೇರಂನಲ್ಲಿ ನಾನು ನೋಡಿದ್ದೇನೆ.

ಹೀಗೆ ಪ್ರತಿ ಭಾನುವಾರ ಮಾವನವರ ಜಗಲಿಯ ಮೇಲೆ ತಮ್ಮ ಪೆಟ್ಟಿಗೆ ತೆರೆದುಕೊಂಡಿತು. ಮಾವನವರು, ತೆನ್ಮೊಳಿ, ನಾನು. ಅತ್ತೆ ಸಾಮಿಯಾತಾಳ್ ಅವರು ಆಟಕ್ಕೆ ಕೂರಲಿಲ್ಲ, ಆದರೆ ದೀಪ ಹಚ್ಚಿದ ಮೇಲೆ ಮನೆಯಿಂದ ಧಾನ್ಯ ಆಚೆ ಕೊಡಬಾರದೆಂದು ಒಳಗಿನಿಂದಲೇ ಕೂಗಿ ಹೇಳಿ, ಸಂಜೆ ಆರರ ನಂತರ ಗೋಧಿಯ ವಿನಿಮಯವನ್ನು ನಿಲ್ಲಿಸಿಬಿಟ್ಟರು. ಈ ಬಗ್ಗೆ ತಮ್ಮ ಪುಸ್ತಕದಲ್ಲಿ ಒಂದಕ್ಷರವೂ ಇಲ್ಲದಿರುವುದು ಸೋಜಿಗ. ಇತ್ತ ಪಕ್ಕದ ಜಗಲಿಯಲ್ಲಿ ದೊಡ್ಡಪ್ಪ ಪೇಪರು ಓದುತ್ತಿದ್ದರು. ಮಾವನವರು ತಪ್ಪು ಜಾಗದಲ್ಲಿ ಮನೆ ಕಟ್ಟಿದಾಗಲೆಲ್ಲ ಪೇಪರಿನ ಹಿಂದಿನಿಂದ ಕೆಮ್ಮು ಬರುತ್ತಿತ್ತು. ನಾಲ್ಕು ವಾರ ಕಳೆಯುವಷ್ಟರಲ್ಲಿ ಆ ಕೆಮ್ಮಿನಿಂದಲೇ ನಾನು ಆಟದ ಒಳಗುಟ್ಟು ಕಲಿತೆ.

ಐದನೆಯ ವಾರ ತೆನ್ಮೊಳಿಗೆ ತಲೆಸುತ್ತು ಬಂದು ನಡುವೆಯೇ ಎದ್ದು ಒಳಗೆ ಮಲಗಿದಳು. ಇಬ್ಬರು ಆಡುವಂತಿಲ್ಲ, ತಮ್ಮ ಆಜ್ಞೆ. ಚೀಟಿಗಳನ್ನು ಮಡಚುತ್ತಿದ್ದೆ. ಆಗ ಪಕ್ಕದ ಜಗಲಿಯ ಪೇಪರು ಕೆಳಗಿಳಿಯಿತು, ದೊಡ್ಡಪ್ಪ ನಡುಗೋಡೆ ದಾಟಿ ಬಂದು ಅವಳ ಜಾಗದಲ್ಲಿ ಕೂತು, ಯಾರ ಮುಖವನ್ನೂ ನೋಡದೆ ಹೇಳಿದರು: "ಪಾಪ, ಪಾಪ್ಪ ಅಷ್ಟು ಕಷ್ಟಪಟ್ಟು ಸಾಕಿದ ಕುರಿ. ತೋಳಕ್ಕೆ ಬಿಡೋದಾ?" ಪಾಪ್ಪ ಎಂದರೆ ಇಪ್ಪತ್ತಾರು ವರ್ಷದ ನನ್ನ ಹೆಂಡತಿ. ಮುಂದಿನ ವಾರದಿಂದ ನಾವು ನಾಲ್ವರು.

ಪೆಟ್ಟಿಗೆಯ ಮೇಲೆ 'ಎಪ್ಪತ್ತೈದು ನಿಮಿಷ' ಎಂದು ಬರೆಸಿದ್ದೀರಿ. ನಗು ಬರುತ್ತದೆ. ತಮ್ಮ ಆಟದಲ್ಲಿ ಮಾತಾಡದೆ ಚೀಟಿ ಕೈ ಬದಲಾಗುವುದಿಲ್ಲ. ಮಾತು ಬಿಟ್ಟ ಅಣ್ಣತಮ್ಮಂದಿರು ಮೊಳ ದೂರದಲ್ಲಿ ಎದುರುಬದುರು ಕೂತಿದ್ದಾರೆ. "ಮಾಪ್ಪಿಳ್ಳೆ, ಆ ಪಕ್ಕ ಗೋದುಮೆ ಇದ್ದಾ ಕೇಳಿ," ಎಂದು ಅಳಿಯನಾದ ನನಗೆ ಅಣ್ಣ ಹೇಳುವರು. ನಾನು ಕೇಳಬೇಕು. "ಇದೆ, ಆದ್ರೆ ದ್ರಾಕ್ಷಿ ಎರಡು ಆಗ್ತದೆ ಅಂತ ಆ ಪಕ್ಕ ಹೇಳಿ," ಎಂದು ತಮ್ಮ ಹೇಳುವರು. ನಾನು ಹೇಳಬೇಕು. ಒಂದೊಂದು ಆಟ ಮೂರೂವರೆ ಗಂಟೆ. ಇನ್ನು ಮುಂದೆ ಪೆಟ್ಟಿಗೆಯ ಮೇಲೆ 'ಸೋದರರು ಮಾತು ಬಿಟ್ಟಿದ್ದಲ್ಲಿ ಮೂರೂವರೆ ಗಂಟೆ, ಜೊತೆಗೊಬ್ಬ ಅಳಿಯ' ಎಂದು ಸೇರಿಸಬೇಕಾಗಿ ವಿನಂತಿ. ಆದರೂ ನನಗೆ ಬೇಸರವಿರಲಿಲ್ಲ. ಕೆಲವೊಮ್ಮೆ ನಾನು ಬಾಯಿ ತೆರೆಯುವ ಮೊದಲೇ ಉತ್ತರ ಬರತೊಡಗಿತ್ತು. ತೆನ್ಮೊಳಿ ನನ್ನ ಕಡೆ ನೋಡಿ ಕಣ್ಣಲ್ಲೇ ನಗುತ್ತಿದ್ದಳು.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಆ ಜಗಲಿಯಲ್ಲಿ ಹಿರಿಯರೇ ಮೊದಲು ದಾಳ ಹಾಕುತ್ತಿದ್ದರು. ತಮ್ಮ ನಿಯಮ ಬೇರೆ ಇದೆಯೆಂದು ಗೊತ್ತಿದ್ದೂ ನಾನು ಬಾಯಿ ಬಿಟ್ಟಿರಲಿಲ್ಲ. ಅಳಿಯನಾದವನು ಹೇಗೆ ಹೇಳಲಿ? ಆದರೆ ವಳೈಕಾಪ್ಪಿಗೆ ಮೂರು ವಾರ ಉಳಿದಿರುವಾಗ, ಮೇಲಿಂದ ಮೇಲೆ ಸೋತಿದ್ದ ಮಾವನವರಿಗೆ ತೋಳದ ವಿಷಯದಲ್ಲಿ ಅನುಮಾನ ಬಂದು, ನಿಯಮದ ಹಾಳೆಯನ್ನು ಪೂರ್ತಿ ಓದಿ ಹೇಳು ಎಂದು ಮಗಳಿಗೆ ಕೊಟ್ಟರು. ಅವಳು ಓದುತ್ತಾ ಓದುತ್ತಾ ಕೆಳಗಿನ ಸಾಲಿಗೆ ಬಂದಳು: ಆಟಗಾರರಲ್ಲಿ ಎಲ್ಲರಿಗಿಂತ ಕಿರಿಯರಾದವರು ಆಟವನ್ನು ಆರಂಭಿಸತಕ್ಕದ್ದು. ಓದಿದ ಮೇಲೆ ಅವಳಿಗೆ ತಾನೇನು ಓದಿದೆನೆಂದು ತಿಳಿಯಿತು.

ದೊಡ್ಡಪ್ಪ ಚೀಟಿಗಳನ್ನು ಜೋಡಿಸಿ ಕೆಳಗಿಟ್ಟರು. "ಇದು ಎಂಥ ನ್ಯಾಯ ಮಾಪ್ಪಿಳ್ಳೆ? ಚಿಕ್ಕೋರು ಮೊದ್ಲು ಕೈ ಹಾಕ್ದ್ರೆ ಪೆರಿಯೋರು ಯಾತಕ್ಕೆ ಇರೋದು?" ಎಂದರು. ಮತ್ತೆ, "ಆ ದೇಶದಲ್ಲಿ ಬಾವಿ ಇಲ್ಲವಾ?" ಎಂದು ಕೇಳಿದರು. ಅವರು ಎದ್ದು ನಡುಗೋಡೆ ದಾಟಿ ಹೋದರು. ಮರುವಾರ ಪೇಪರು ಮುಖದ ಮುಂದಿನಿಂದ ಕೆಳಗಿಳಿಯಲಿಲ್ಲ, ಕೆಮ್ಮು ಕೂಡ ಬರಲಿಲ್ಲ. ಮಾವನವರು ಒಮ್ಮೆಯೂ ದಾಳ ಮುಟ್ಟಲಿಲ್ಲ. ತೆನ್ಮೊಳಿ ವಾಪಸು ಬರುವ ಬಸ್ಸಿನಲ್ಲಿ ಅತ್ತಳು. ಮಾನ್ಯರೇ, ಆ ಬಸ್ಸಿನಲ್ಲಿ ತಾವು ನನ್ನ ಕೈಗೆ ಸಿಕ್ಕಿದ್ದರೆ ಈ ಪತ್ರದ ಅಗತ್ಯವೇ ಬೀಳುತ್ತಿರಲಿಲ್ಲ.

ಅದರ ಮುಂದಿನ ಭಾನುವಾರ ಅವಳು ನನ್ನನ್ನು ಕೇಳದೆ, ತುಂಬಿದ ಹೊಟ್ಟೆಯ ಮೇಲೆ ಪೆಟ್ಟಿಗೆಯನ್ನು ಆನಿಸಿಕೊಂಡು, ನೇರ ದೊಡ್ಡಪ್ಪನ ಜಗಲಿಗೇ ಹೋಗಿ ಹಾಸಿದಳು. ನಾವೂ ಹಿಂದೆ ಹೋಗಿ ಅಂಗಳದಲ್ಲಿ ನಿಂತೆವು. "ದೊಡ್ಡಪ್ಪ, ಹಾಳೆಯಲ್ಲಿ ಬರೆದಿದ್ದು ಸರಿ ತಾನೇ. ಆದ್ರೆ ಎಲ್ಲಾರಿಗಿಂತ ಚಿಕ್ಕೋರು ಅಪ್ಪ ಅಲ್ಲ, ನಾನೂ ಅಲ್ಲ. ಇದು," ಎಂದು ಹೊಟ್ಟೆ ಮುಟ್ಟಿ ತೋರಿಸಿದಳು. "ಹುಟ್ಟಿರಬೇಕು ಅಂತ ಹಾಳೆಯಲ್ಲಿ ಎಲ್ಲೂ ಇಲ್ಲ. ಇದಕ್ಕೆ ಇನ್ನೂ ಕೈ ಬರ್ಲಿಲ್ಲ. ಇದರ ಪರವಾಗಿ ಯಾರು ಹಾಕ್ತಾರೆ?"

ದೊಡ್ಡಪ್ಪ ಹಾಳೆಗೆ ಕೈ ಚಾಚಿದರು. ಗ್ರಾಮ ಪಂಚಾಯಿತಿಯಲ್ಲಿ ಎರಡು ಸಲ ಸದಸ್ಯರಾಗಿದ್ದವರು, ಕಾಗದ ನೋಡದೆ ಏನನ್ನೂ ಒಪ್ಪುವವರಲ್ಲ. ಹಾಳೆ ಇಸಿದುಕೊಂಡು, ಗೊತ್ತಿಲ್ಲದ ಅಕ್ಷರಗಳ ಮೇಲೆ ಬೆರಳಾಡಿಸಿ, ಕೊನೆಗೆ ತೀರ್ಪು ಕೊಟ್ಟರು: "ಕೈ ಇಲ್ಲದ ಮಗೂಗೆ ಮನೆಯ ಪೆರಿಯೋರು ತಾನೇ ಕೈ." ದಾಳ ಹಾಕಿದರು. ಐದು, ಐದು. ತೋಳ ಬಂದು ಅವರದೇ ಕುರಿ ತಿಂದಿತು. ಅಂಗಳದಲ್ಲಿ ನಿಂತಿದ್ದ ಮಾವನವರು ತಡೆಯಲಾರದೆ "ಅಯ್ಯೋ ಅಣ್ಣ!" ಎಂದುಬಿಟ್ಟರು. ಆರು ವರ್ಷದ ನಂತರ ಅಣ್ಣನಿಗೇ ನೇರವಾಗಿ ಆಡಿದ ಮೊದಲ ಮಾತು ಅದು. ದೊಡ್ಡಪ್ಪ ತಲೆ ಎತ್ತದೆಯೇ ಜಗಲಿಯ ಮೇಲಿದ್ದ ಪೇಪರನ್ನು ಪಕ್ಕಕ್ಕೆ ಸರಿಸಿ ತಮ್ಮನಿಗೆ ಜಾಗ ಮಾಡಿದರು.

ವಳೈಕಾಪ್ಪಿನ ದಿನ ಅವರು ಎಲೆಯ ಮುಂದೆ ಕೂತು ಎರಡು ಸಲ ಪಾಯಸ ಹಾಕಿಸಿಕೊಂಡರು. ನನ್ನ ಹೆಂಡತಿ ಎರಡೂ ಕೈ ತುಂಬ ಬಳೆ ತೊಟ್ಟು, ಅವರು ಉಂಡೇಳುವವರೆಗೂ ಅವರ ಎದುರಿಗೇ ನಿಂತಿದ್ದಳು.

ಹಾಗಾದರೆ ದೂರು ಯಾಕೆ ಎಂದು ತಾವು ಕೇಳಬಹುದು. ಕೇಳಿ. ಈ ಏಪ್ರಿಲ್‌ನಲ್ಲಿ ಹಳೆಯ ಮೋಟಾರು ಸುಟ್ಟು, ನಮ್ಮ ಕಾರ್ಖಾನೆಯದೇ ಹೊಸ ಮೋಟಾರನ್ನು ನಾನೇ ನಿಂತು ಬಾವಿಗೆ ಕೂರಿಸಿದೆ. ಕರ್ಪೂರ ಈ ಸಲ ಮೊದಲೇ ಬಂದಿತ್ತು. ಕರೆಂಟೂ ಇತ್ತು. ದೊಡ್ಡಪ್ಪ, "ತಂಬಿ, ನೀ ಒತ್ತು. ಚಿಕ್ಕೋರೇ ಮೊದ್ಲು, ಬರೆದೇ ಇದೆ," ಎಂದರು. ಮಾವನವರು, "ನೀ ಇರುವಾಗ ನಾ ಒತ್ತೋದಾ ಅಣ್ಣ? ಇನ್ನೊಂದು ತಡವೆ ಆ ತಪ್ಪು ಮಾಡಲ್ಲ," ಎಂದರು. ನೀನು, ನೀನು, ನೀನು ಎಂದು ಕಾಲು ಗಂಟೆ ನಡೆಯಿತು. ಕರೆಂಟು ಹೋಯಿತು. ಕಾಯುತ್ತ ಸುಮ್ಮನೆ ಕೂರುವುದೇಕೆಂದು ತೆಂಗಿನ ಮರದ ನೆರಳಲ್ಲಿ ತಮ್ಮ ಪೆಟ್ಟಿಗೆ ತೆರೆದರು. ನಾಲ್ಕು ಗಂಟೆ ಕಳೆದು ಕರೆಂಟು ಬಂದಾಗ ಇಬ್ಬರದೂ ಒಂಬತ್ತು ಒಂಬತ್ತು ಮನೆಯಾಗಿತ್ತು, ಕರೆಂಟಿನ ಕಡೆ ಯಾರಿಗೂ ಗಮನವಿಲ್ಲ. ನನಗೂ ಇರಲಿಲ್ಲ ಎಂದು ಬರೆಯಲು ನಾಚಿಕೆಯಾಗುತ್ತದೆ. ಅತ್ತೆ ಸಾಮಿಯಾತಾಳ್ ಅವರು ಊಟಕ್ಕೆ ಕರೆಯಲು ಬಂದವರು ನಮ್ಮನ್ನೂ ಬಾಳೆತೋಟವನ್ನೂ ಒಂದು ಸಲ ನೋಡಿ, "ನಿಮ್ಮ ತೋಳ ತಿಂದು ಮುಗಿಸೋವರೆಗೂ ಬಾಳೆ ಕಾಯ್ತದಾ?" ಎಂದು ಹೇಳಿ, ಸೆರಗಿಗೆ ಕೈ ಒರೆಸಿಕೊಂಡು, ಹೋಗಿ ಗುಂಡಿ ಒತ್ತಿದರು.

ನೀರು ಬಂತು. ಆರು ವರ್ಷ ಇಬ್ಬರು ಗಂಡಸರು ಮಾತು ಬಿಟ್ಟಿದ್ದು ಇಷ್ಟಕ್ಕಾಗಿ. ಆದ್ದರಿಂದ ಮುಂದಿನ ಮುದ್ರಣದಲ್ಲಿ, ಹಿರಿಯರೂ ಅಲ್ಲದೆ ಕಿರಿಯರೂ ಅಲ್ಲದೆ, ಆ ಹೊತ್ತಿನಲ್ಲಿ ಮನೆಯಲ್ಲಿ ಯಾರಿಗೆ ನಿಜವಾಗಿ ಕೆಲಸವಿದೆಯೋ ಅವರೇ ಆಟವನ್ನು ಆರಂಭಿಸತಕ್ಕದ್ದು ಎಂದು ತಿದ್ದುಪಡಿ ಮಾಡಬೇಕೆಂದೂ, ಜೊತೆಗೆ ಕರೆಂಟು ಬಂದರೆ ತಾನಾಗಿ ಊಳಿಡುವ ತೋಳವೊಂದನ್ನು ನಮ್ಮ ಜಿಲ್ಲೆಗೆಂದೇ ತಯಾರಿಸಿ ಕಳುಹಿಸಬೇಕೆಂದೂ ಕೋರಿಕೊಳ್ಳುವ,

ತನ್ನ ಆಟದ ಪೆಟ್ಟಿಗೆಯನ್ನು ಅನ್ನೂರಿಗೆ ಬಿಟ್ಟುಕೊಟ್ಟು ಮತ್ತೆ ಕೇರಂನಲ್ಲಿ ಸೋಲುತ್ತಿರುವ
ತಮ್ಮ ವಿಶ್ವಾಸಿ,
ಯಶ್ವಂತ್

ಮರೆತ ಮಾತು: ನಮ್ಮ ಮಗಳು ಭೂಮಿಗೆ ಈಗ ಏಳು ತಿಂಗಳು. ಎಲ್ಲರಿಗಿಂತ ಕಿರಿಯ ಆಟಗಾರಳೆಂಬ ಅಧಿಕಾರದಿಂದ ದೊಡ್ಡಪ್ಪನ ತೊಡೆಯ ಮೇಲೆ ಕೂತು ಮೊದಲ ದಾಳ ಅವಳೇ ಎಸೆಯುತ್ತಾಳೆ. 'ಹತ್ತು ವರ್ಷ ಮೇಲ್ಪಟ್ಟವರಿಗೆ ಮಾತ್ರ' ಎಂಬ ತಮ್ಮ ಎಚ್ಚರಿಕೆಯನ್ನು ಓದಿ ಹೇಳಿದೆ, ಕೇಳಲಿಲ್ಲ. ತೋಳದ ಎರಡೂ ಕಿವಿಗಳನ್ನು ಕಡಿದು ಹಾಕಿದ್ದಾಳೆ, ಈಗ ಅದನ್ನು ನೋಡಿದರೆ ಕುರಿಗಳಿಗೂ ಹೆದರಿಕೆಯಿಲ್ಲ. ಹೊಸ ತೋಳ ಕಳುಹಿಸಿ, ಹೊಸ ನಿಯಮದ ಹಾಳೆ ಮಾತ್ರ ಬೇಡ. ಹಳೆಯದು ದೊಡ್ಡಪ್ಪನ ಜೇಬಿನಲ್ಲಿದೆ. ಅವರಿಗೆ ಇಂಗ್ಲಿಷ್ ಬಾರದು, ಆದ್ದರಿಂದ ಅದರಲ್ಲಿ ವಾರವಾರವೂ ಹೊಸ ಹೊಸ ನಿಯಮಗಳು ಸಿಗುತ್ತಿವೆ. ಇನ್ನು, ನನ್ನ ಹೆಂಡತಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಹಾಗಾಗಿ ಅವಳು ಕೇರಂನಲ್ಲಿ ನಿಯಮ ಮುರಿದು ಮೊಣಕೈಯನ್ನು ಬೋರ್ಡಿನೊಳಗೆ ತರುತ್ತಾಳೆ ಎಂಬುದನ್ನು ಇಲ್ಲಿ ಧೈರ್ಯವಾಗಿ ದಾಖಲಿಸುತ್ತಿದ್ದೇನೆ. ತಾವು ಉತ್ತರ ಬರೆಯುವುದಾದರೆ ದಯವಿಟ್ಟು ತಮಿಳಿನಲ್ಲಿ ಬರೆಯಬೇಡಿ.