ನಾದಿನಿಯ ಲ್ಯಾಪ್‌ಟಾಪಿಗೆ ಅಮ್ಮನ ಹೂವು

ಗರ್‌ರ್‌ರ್ ಎನ್ನುವ ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ನನ್ನ ನಾದಿನಿಯ ಹಳೇ ಲ್ಯಾಪ್‌ಟಾಪಿನ ಫ್ಯಾನು. ಅವಳು ನರಸೀಪುರದಲ್ಲಿ ಅದನ್ನು ಆನ್ ಮಾಡಿದರೆ ನಂಜನಗೂಡಿನಲ್ಲಿ ನನ್ನ ಫೋನು ನಡುಗುತ್ತಿತ್ತು.

"ಏನೇ ಅದು, ರಾಗಿ ಮಿಲ್ಲಲ್ಲಿ ಕೂತಿದ್ದೀಯಾ?"

"ಇಲ್ಲ ಅತ್ತಿಗೆ, ಲ್ಯಾಪ್‌ಟಾಪ್ ಯೋಚ್ನೆ ಮಾಡ್ತಾ ಅದೆ."

ಯಜಮಾನಿಯನ್ನು ನೋಡಿ ಕಲಿತಿರಬೇಕು. ನನ್ನ ನಾದಿನಿಯಷ್ಟು ಯೋಚನೆ ಮಾಡುವ ಹೆಂಗಸು ಕಪಿಲೆಯ ದಡದಲ್ಲೂ ಇಲ್ಲ, ಕಾವೇರಿಯ ದಡದಲ್ಲೂ ಇಲ್ಲ. ಅವಳನ್ನು ಕಂಡು ಸೀರೆ ಅಂಗಡಿಯವರು ಬಾಗಿಲು ಹಾಕಿಕೊಳ್ಳದಿದ್ದುದು ಅವರ ಸೌಜನ್ಯ. ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ಪೇಷನ್ಸ್ ಕಲಿಸಿದ್ದು ಇವಳಿಗೋಸ್ಕರವೇ ಏನೋ.

ಶುಗರಿನಿಂದ ಅವಳ ಕಣ್ಣಿನ ಪರದೆ ಹಾಳಾಗಿತ್ತು. ಮೈಸೂರಿನ ಡಾಕ್ಟರು "ಇರುವಷ್ಟು ದಿನ ಇರುತ್ತೆ" ಎಂದು ಕೈ ತೊಳೆದುಕೊಂಡಿದ್ದರು. ಏನನ್ನೇ ಆಗಲಿ ಲ್ಯಾಪ್‌ಟಾಪಿನಲ್ಲಿ ಹಿಗ್ಗಿಸಿಕೊಂಡರೆ ಮಾತ್ರ ಕಾಣುತ್ತಿತ್ತು. ಒಂದೊಂದು ಅಕ್ಷರ ಒಂದೊಂದು ಇಡ್ಲಿ ಗಾತ್ರ. ಪೇಪರಿನ ಹೆಡ್‌ಲೈನ್ ಓದಿ ಮುಗಿಸುವಷ್ಟರಲ್ಲಿ ಸರ್ಕಾರವೇ ಬದಲಾಗಿರುತ್ತಿತ್ತು. ಅಂಥದ್ದರಲ್ಲಿ ಆ ಮೆಷಿನ್ನೂ ಅರ್ಧ ಇಡ್ಲಿಗೇ ನಿಂತುಬಿಡತೊಡಗಿತು. ಹಳೇ ಆಪರೇಟಿಂಗ್ ಸಿಸ್ಟಮ್ಮಿನ ಕಾಲ ಮುಗಿಯಿತು, ಹೊಸದು ಹಾಕಿಸಿ ಎಂದು ದಿನಾ ನೋಟಿಸು ಬೇರೆ. ಹೊಸದಕ್ಕೆ ಇದ್ದ ಮೆಮೊರಿ ಸಾಲದು.

ಟವೆಲಿನಲ್ಲಿ ಸುತ್ತಿ, ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದಳು. ದಾರಿಯಲ್ಲಿ ಕಂಡಕ್ಟರನನ್ನೂ ಕೇಳಿದಳಂತೆ, ಹಾಕಿಸಲೋ ಬೇಡವೋ ಅಂತ. "ಮೊದ್ಲು ಟಿಕೆಟ್ ತಕೊಳಮ್ಮ" ಎಂದನಂತೆ ಪುಣ್ಯಾತ್ಮ.

ನಮ್ಮ ಬೀದಿಯ ರಿಪೇರಿಯವನು ಬಿಚ್ಚಿ ನೋಡಿದ. "ಮೆಮೊರಿ ಜಾಸ್ತಿ ಮಾಡಿ ಹೊಸ ಸಿಸ್ಟಮ್ ಹಾಕ್ಕೊಡ್ತೀನಿ ಕಣಮ್ಮ. ಇನ್ನೂ ನಾಕೈದು ವರ್ಷ ಓಡ್ತದೆ."

"ಅದು ಓಡ್ತದಪ್ಪ. ನನ್ನ ಕಣ್ಣು ಓಡ್ತದಾ?"

ಅವನು ಸ್ಕ್ರೀನು ಒರೆಸಿದ. ಇವಳು ನನ್ನ ಕಡೆ ತಿರುಗಿದಳು. "ಬತ್ತೋ ಹಸೂಗೆ ಯಾರಾದ್ರೂ ಹಿಂಡಿ ಹಾಕ್ತಾರಾ ಅತ್ತಿಗೆ?"

"ಹಸು ಯಾವುದೇ? ಲ್ಯಾಪ್‌ಟಾಪೋ, ನೀನೋ?"

"ಅದೇ ಗೊತ್ತಾಗ್ತಾ ಇಲ್ಲ."

ಹೋಪ್‌ಲೆಸ್ ಕೇಸ್. ಕೊನೆಗೆ ಅವಳ ಸುಪ್ರೀಂ ಕೋರ್ಟಿಗೇ ಹೋದೆವು, ನರಸೀಪುರದ ಅಂಚಿನ ಅಮ್ಮನ ಗುಡಿಗೆ. ಪೂಜಾರಿ ಅಮ್ಮನ ಮೈಗೆ ಒದ್ದೆ ಹೂವು ಅಂಟಿಸುತ್ತಾರೆ. ಅಮ್ಮನ ಬಲದಿಂದ ಬಿದ್ದರೆ ಆಗಲಿ, ಎಡದಿಂದ ಬಿದ್ದರೆ ಬೇಡ. ಎಡದ ಹೂವನ್ನು ನಂಬಿ, ಕಟ್ಟುತ್ತಿದ್ದ ಮನೆಯ ಬಾಗಿಲನ್ನೇ ಬೇರೆ ದಿಕ್ಕಿಗೆ ತಿರುಗಿಸಿದ ಮಹಾತಾಯಿ ಇವಳು. ಕೈ ಮುಗಿದು ನಿಂತಳು. ಹೂವು ಬಿತ್ತು. ಅವಳಿಗೆ ಕಾಣಲಿಲ್ಲ.

"ಯಾವ ಕಡೆ ಅತ್ತಿಗೆ?"

"ಎಡ."

"ಅಮ್ಮನ ಎಡಾನೋ, ನನ್ನ ಎಡಾನೋ?"

"ಅಮ್ಮನ ಎಡ. ನಿನಗೆ ಬಲ."

"ಲ್ಯಾಪ್‌ಟಾಪ್ ಯಾರ್ದು?"

"ನಿಂದು."

"ಮತ್ತೆ? ಬಲ ಅಂದ್ರೆ ಬಲಾನೇ. ನಡೀರಿ, ಹಾಕ್ಸವ."

ಪೂಜಾರಿ ಆರತಿ ತಟ್ಟೆ ಹಿಡಿದುಕೊಂಡೇ ನಿಂತಿದ್ದರು. ಅವಳು ಜನ್ಮದಲ್ಲಿ ಹೂವಿಗೆ ಎದುರಾಡಿದ್ದು ಅದೊಂದೇ ಸಲ. ಫ್ರಾಂಕ್ಲಿ, ನನಗೆ ನಗು ಬರಲಿಲ್ಲ.

ಮೆಮೊರಿಯೂ ಬಂತು, ಹೊಸ ಸಿಸ್ಟಮ್ಮೂ ಬಂತು. ಫ್ಯಾನು ತೆಪ್ಪಗಾಯಿತು. ಊರಿಗೆ ಒಯ್ದವಳೇ ವೀಡಿಯೋ ಕಾಲ್ ಮಾಡಿದಳು. ಪೇಪರು ಓದಲಿಲ್ಲವೇನೇ ಎಂದರೆ, "ಪೇಪರ್ ಇರ್ಲಿ, ಅಲ್ಲಾಡ್ಬೇಡಿ, ನಿಮ್ಮ ಮೂಗಿನ ಮೇಲಿದೀನಿ" ಎಂದಳು. ನನ್ನ ಮುಖವನ್ನು ಹಿಗ್ಗಿಸಿಕೊಂಡು ತುಂಡು ತುಂಡಾಗಿ ನೋಡುತ್ತಿದ್ದಳು. ನಾನು ಪಾಸ್‌ಪೋರ್ಟ್ ಫೋಟೋಗೆ ಕೂತವಳಂತೆ ಉಸಿರು ಹಿಡಿದೆ.

"ಕೆನ್ನೆಗೆ ಬಂದೆ. ಈ ಮಚ್ಚೆ ಯಾವಾಗ ಬಂತು ಅತ್ತಿಗೆ?"

"ನಿಮ್ಮಣ್ಣನ ಕೈ ಹಿಡಿದು ಬಂದಾಗಲೇ ಇತ್ತಲ್ಲೇ."

"ಇಷ್ಟು ವರ್ಷ ನಾನು ನೋಡೇ ಇಲ್ವಲ್ಲ" ಎಂದು ಬಹಳ ಹೊತ್ತು ಆ ಮಚ್ಚೆಯ ಹತ್ತಿರವೇ ಇದ್ದಳು. ಆಮೇಲೆ ಕಣ್ಣಿಗೆ ಬಂದಳು. "ಯಾಕತ್ತಿಗೆ, ಒದ್ದೆ?"

"ಈರುಳ್ಳಿ ಹೆಚ್ಚಿದ್ದೆ" ಎಂದೆ.

ಅವಳು ನನ್ನನ್ನು ನೋಡಿದ್ದು ಅದೇ ಕೊನೆ. ಮುಂದಿನ ಸಲ ಕಾಲ್ ಬಂದಾಗ ಪರದೆಯ ತುಂಬ ಅವಳ ಕಿವಿ ಇತ್ತು.