ಕೊಸರಿಗೆ ಬಂದ ಕಪ್ಪು ಪರದೆ

ಆರುನೂರು ರೂಪಾಯಿ ಹೋಯಿತು. ಕಂಪ್ಯೂಟರ್ ಕೆಟ್ಟಿದ್ದಕ್ಕಲ್ಲ, ನಾನು ನಿಜ ಹೇಳದೆ ಕೂತಿದ್ದಕ್ಕೆ. ಸೈಕಲ್ ಮೇಲೆ ಸ್ಟೀಲ್ ಪಾತ್ರೆ ಹೇರಿಕೊಂಡು ಸಂಗೊಳ್ಳಿ ಕಡೆಯ ಓಣಿಗಳಲ್ಲಿ ಕೂಗಿ ಮಾರಿ, ಈಗ ಬೈಲಹೊಂಗಲದ ಬಜಾರಿನಲ್ಲಿ ಸ್ವಂತ ಅಂಗಡಿ ಇಟ್ಟವನು ನಾನು. ಕೊಳ್ಳುವಾಗ ನಮ್ಮ ಗರಜು ತೋರಿಸಬಾರದು, ಕೊಂಡ ಮೇಲೆ ಕೊಸರು ಕೇಳದೆ ಅಂಗಡಿಯ ಮೆಟ್ಟಿಲು ಇಳಿಯಬಾರದು; ನನ್ನ ಸಂಸಾರ ನಿಂತಿರುವುದೇ ಇದರ ಮೇಲೆ. ಮೆಂತ್ಯೆ ಸೂಡಿನ ಮೇಲೆ ನಾಲ್ಕು ಎಳೆ ಕೊತ್ತಂಬರಿ ಹಾಕಿಸಿಕೊಳ್ಳದಿದ್ದರೆ ಆ ಪಲ್ಯ ನನಗೆ ರುಚಿಸುವುದಿಲ್ಲ.

ಹೀಗಿರುವ ನಾನು ಸವದತ್ತಿಯಲ್ಲಿ ಹಳೆಯ ಪ್ರಿಂಟರ್ ಒಂದನ್ನು ಕೊಂಡಾಗ "ಮ್ಯಾಲೇನ್ ಕೊಡ್ತೀರಿ?" ಎನ್ನದೆ ಇರುವುದುಂಟೆ? ಅಂಗಡಿಯವನು ಬೇಸತ್ತು ಮೂಲೆಯಿಂದ ಧೂಳು ತಿಂದ ಗ್ರಾಫಿಕ್ಸ್ ಕಾರ್ಡ್ ಒಂದನ್ನು ತೆಗೆದುಕೊಟ್ಟ. "ಇದನ್ನ ಹಾಕ್ರಿ, ಪರದೆ ಮ್ಯಾಲಿನ ಚಿತ್ರ ಚಂದ ಕಾಣ್ತಾವ." ಮನೆಗೆ ಬಂದವನೇ ಯಾರಿಗೂ ಹೇಳದೆ ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿ ಕಾರ್ಡ್ ಸಿಗಿಸಿ, ಪರದೆಯ ವೈರನ್ನು ಅದಕ್ಕೆ ಹಾಕಿದೆ. ಎರಡು ದಿನ ಚಂದವೇ ಕಂಡಿತು. ಮೂರನೆಯ ದಿನ ಕಂಪ್ಯೂಟರ್ ತನ್ನಷ್ಟಕ್ಕೆ ತಾನೇ ಅಪ್‌ಡೇಟ್ ಆಯಿತು. ಆಮೇಲೆ ಕಪ್ಪು ಪರದೆ, ಅದರ ಮೇಲೆ ಇರುವೆ ಸಾಲಿನಂತೆ ಬಿಳಿ ಇಂಗ್ಲಿಷ್ ಅಕ್ಷರ, ಚಿತ್ರ ಮೂಡಿಸಲು ಆಗುತ್ತಿಲ್ಲವೆಂಬ ತಕರಾರು. ಹತ್ತು ಸಲ ಆರಿಸಿ ಹಚ್ಚಿದೆ, ಅದೇ ತಕರಾರು.

ನನ್ನ ಲೆಕ್ಕಪತ್ರವಷ್ಟೇ ಇದ್ದಿದ್ದರೆ ಬಿಟ್ಟುಬಿಡುತ್ತಿದ್ದೆ. ಅದರಲ್ಲಿ ನಮ್ಮ ಮಾವನವರ ಎರಡು ವರ್ಷದ ಬರಹವಿತ್ತು. ನಿವೃತ್ತ ಮಾಸ್ತರರು ಅವರು. ಹೂಲಿಯ ಹಳೆಯ ಗುಡಿಗಳ ಒಂದೊಂದು ಕಂಬದ ಕೆತ್ತನೆಯನ್ನೂ ನೋಡಿ ಬಂದು ನಮ್ಮ ಮನೆಯಲ್ಲಿ ಕೂತು ಒಂದೇ ಬೆರಳಿನಿಂದ ಟೈಪು ಮಾಡಿಟ್ಟಿದ್ದರು. ಬೇರೆ ಪ್ರತಿ ಇರಲಿಲ್ಲ.

ರಿಪೇರಿಗೆ ಎಂ.ಕೆ. ಹುಬ್ಬಳ್ಳಿಯಿಂದ ಸುನಂದಕ್ಕ ಬಂದರು. ಕೂತವರೇ, "ಅಣ್ಣಾರ, ಇತ್ತೀಚಿಗೆ ಒಳಗ ಏನರ ಬದಲಿ ಮಾಡೀರೇನು?" ಎಂದು ಕೇಳಿದರು. "ಏನಿಲ್ರಿ, ಇದ್ದಂಗ ಐತಿ," ಎಂದೆ. ತಪ್ಪು ಒಪ್ಪಿಕೊಂಡರೆ ದರ ಏರುತ್ತದೆ ಎಂಬುದು ಅಂಗಡಿಯ ಬುದ್ಧಿ. ಎದುರಿಗೆ ಮಾವ ಬೇರೆ ಕೂತಿದ್ದರು.

ಸುನಂದಕ್ಕ ಒಂದು ತಾಸು ಕೀಲಿಮಣೆ ಕುಟ್ಟಿ ಕೈಚೆಲ್ಲಿದರು. "ಏನೂ ಮುಟ್ಟಿಲ್ಲ ಅಂದ್ರ ಒಳಗಿನ ಡಿಸ್ಕೇ ಕೆಟ್ಟಿರಬೇಕು. ಎಲ್ಲಾ ಅಳಿಸಿ ಹೊಸದಾಗಿ ಹಾಕಬೇಕಾಗ್ತೈತಿ. ಬರದಿಟ್ಟಿದ್ದನ್ನ ಉಳಸಾಕ ನೋಡತೇನಿ, ಖಾತ್ರಿ ಕೊಡಂಗಿಲ್ಲ."

ಮಾವನವರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು. "ಇರಲಿ ಬಿಡವಾ, ಮತ್ತ ಬರದರಾತು. ಆದ್ರ ಗುಡ್ಡದ ಮ್ಯಾಲಿನ ಗುಡಿಗೆ ಈಗ ನನಗ ಹತ್ತಾಕ ಆಗಂಗಿಲ್ಲ. ಅದನ್ನ ನೆನಪಿಲೇ ಬರೀಬೇಕು."

ಅವರು ಬೈದಿದ್ದರೆ ನಾನು ಸುಮ್ಮನೇ ಇರುತ್ತಿದ್ದೆನೇನೋ. "ಅಕ್ಕಾರ, ಒಂದು ಕಾರ್ಡ್ ನಾನ ಸಿಗಿಸೇನಿ," ಎಂದೆ, ಗೋಡೆಯ ಕಡೆ ನೋಡುತ್ತ.

ನನ್ನ ಹೆಂಡತಿ ಗಿರಿಜಾ ಬಾಗಿಲಲ್ಲೇ ನಿಂತು, "ಪುಕ್ಕಟ ಸಿಕ್ಕಿದ್ದಿರಬೇಕು, ಹೌದಲ್ರಿ?" ಎಂದಳು.

ಸುನಂದಕ್ಕ ಪೆಟ್ಟಿಗೆ ಬಿಚ್ಚಿ ಕಾರ್ಡ್ ಕಿತ್ತು, ಪರದೆಯ ವೈರನ್ನು ಮೊದಲಿನ ಜಾಗಕ್ಕೆ ಹಾಕಿದರು. ಪರದೆ ಬೆಳಗಿತು, ಹೂಲಿಯ ಗುಡಿಗಳೆಲ್ಲ ಇದ್ದಲ್ಲೇ ಇದ್ದವು. "ಹೊಸ ಅಪ್‌ಡೇಟಿಗೆ ಈ ಹಳೇ ಕಾರ್ಡ್ ಒಗ್ಗಿಲ್ರಿ. ಫೋನಿನ್ಯಾಗ ಹೇಳಿದ್ರ ನಾ ಬರೂದ ಬೇಕಿರಲಿಲ್ಲ. ಈಗ ಬಂದು ಹೋಗೂದು, ತಾಸಿನ ಕೂಲಿ, ಎಲ್ಲಾ ಹಿಡಿದು ಆರುನೂರು ಕೊಡ್ರಿ." ಚೌಕಾಸಿಗೆ ಬಾಯಿ ತೆರೆದೆ. ಮಾವನವರು ನನ್ನನ್ನೇ ನೋಡುತ್ತಿದ್ದರು. ಮುಚ್ಚಿಕೊಂಡೆ.

ಅದಕ್ಕೇ ನಿಮಗೆ ಹೇಳುತ್ತೇನೆ. ಪರದೆ ಕಪ್ಪಾದರೆ ಕರೆಂಟ್ ತೆಗೆದು, ಕೊನೆಗೆ ಸೇರಿಸಿದ್ದನ್ನೇ ಮೊದಲು ಕಿತ್ತು ನೋಡಿ. ಬರೆದದ್ದಕ್ಕೆ ಪೆನ್‌ಡ್ರೈವಿನಲ್ಲಿ ಇನ್ನೊಂದು ಪ್ರತಿ ಇರಲಿ. ರಿಪೇರಿಯವರು ಏನು ಮಾಡಿದಿರಿ ಎಂದು ಕೇಳಿದರೆ ಮಾಡಿದ್ದನ್ನು ಮಾಡಿದ ಹಾಗೆ ಹೇಳಿಬಿಡಿ. ಅದಕ್ಕೂ ಸಂಕೋಚವೆನಿಸಿದರೆ, ಮಾವನವರು ಮಧ್ಯಾಹ್ನ ಮಲಗುವ ಹೊತ್ತು ನೋಡಿ ರಿಪೇರಿಯವರನ್ನು ಕರೆಸಿ.