ಕರಿ ರಮ್ಮಿಗೆ ಲಿಂಬೆ ಸೋಡಾ ಕೊಡದ ಮಾವ

ಕುಡುಕರ ಕಾಟಕ್ಕೆ ಅತ್ತವರನ್ನು ನೀವೆಲ್ಲ ಕಂಡಿದ್ದೀರಿ. ಕುಡುಕರಿಗೇ ಕಾಟ ಕೊಟ್ಟು ಅವರನ್ನು ಅಳಿಸಿದವರನ್ನು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರು ನನ್ನ ಸೋದರಮಾವನೇ ಆಗಬೇಕೆ? ಹಣೆಬರಹ!

ತೊಂಬತ್ತರ ದಶಕದಲ್ಲಿ ಮಾವ ಗೋವಾದ ಬಾರಿನ ಕೆಲಸ ಬಿಟ್ಟು ಬೈಲಹೊಂಗಲಕ್ಕೆ ಬಂದು, ವೈನ್‌ಶಾಪಿನ ಪಕ್ಕದಲ್ಲೇ ಸೋಡಾ ಅಂಗಡಿ ತೆರೆದರು. ಎಂಥ ಜಾಗ! ಕಣ್ಣು ಮುಚ್ಚಿ ಮಾರಿದ್ದರೂ ಮಾಳಿಗೆ ಮನೆ ಕಟ್ಟಬಹುದಿತ್ತು. ಮಾವ ಕಣ್ಣು ತೆರೆದು ಮಾರಿದರು. ಮೊದಲು ಗಿರಾಕಿಯ ಚೀಲದೊಳಗೆ ಇಣುಕುವುದು, ಆಮೇಲೆ ಸೋಡಾ. ಕರಿ ರಮ್ಮಿಗೆ ಶುಂಠಿ ಸೋಡಾ, ಬಿಳಿ ರಮ್ಮಿಗೆ ಲಿಂಬೆ ಸೋಡಾ, ಬಂಗಾರ ಬಣ್ಣದ್ದಕ್ಕೆ ಕಬ್ಬಿನ ಹಾಲು. ಇದು ಅವರ ಧರ್ಮ. ಆದರೆ ಪೇಟೆಯಲ್ಲಿ ಸಿಗುತ್ತಿದ್ದದ್ದು ಕರಿ ರಮ್ ಒಂದೇ, ಜನ ಕೇಳುತ್ತಿದ್ದದ್ದು ಲಿಂಬೆ ಸೋಡಾ ಒಂದೇ. ಇನ್ನು ವ್ಯಾಪಾರದ ಗತಿ ಏನು ಹೇಳಲಿ!

"ಕರೇದಕ್ಕ ಬೆಲ್ಲದ ವಾಸನಿ ಐತಿ. ಅದರ ಮ್ಯಾಲ ಲಿಂಬಿ ಹಿಂಡಿದ್ರ ಎರಡೂ ಸಾಯ್ತಾವ," ಎಂದು ಉಪದೇಶ ಮಾಡಿ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸುತ್ತಿದ್ದರು. ದೊಡವಾಡದಿಂದ ಎತ್ತು ಮಾರಲು ಬಂದಿದ್ದ ಒಬ್ಬ, ಹೊಟ್ಟೆಗೆ ಹೋದ ಮೇಲೆ ಎಲ್ಲಾ ಒಂದೇ ಅಲ್ಲವೇ ಎಂದು ಕೈಮುಗಿದು ಬೇಡಿಕೊಂಡ. ಮಾವ ಅಂದು ಊಟ ಬಿಟ್ಟರು.

ಬಿಳಿ ರಮ್ ಹುಡುಕಲು ಕಾಲೇಜಿನಲ್ಲಿದ್ದ ನನ್ನನ್ನೂ ಎಳೆದುಕೊಂಡು ಕಿತ್ತೂರು, ಸವದತ್ತಿ, ರಾಮದುರ್ಗ ಸುತ್ತಿದರು. ರಾಮದುರ್ಗದ ಅಂಗಡಿಯವನು ಜಿನ್ ಬಾಟಲಿ ಮುಂದಿಟ್ಟು, ಇದೂ ಬಿಳಿಯದೇ ಎಂದು ಸಮಾಧಾನ ಹೇಳಿದ. ಬಸ್ಸಿನುದ್ದಕ್ಕೂ ಮಾವ ಮಣ್ಣು ಕೊಟ್ಟು ಬಂದವರಂತೆ ಕುಳಿತಿದ್ದರು.

ಊರಿಗೆ ಅವರು ದೊಡ್ಡ ಕುಡುಕ. ನಿಜ ಹೇಳಬೇಕೆಂದರೆ ಎರಡು ಚಮಚದ ಮೇಲೆ ಕುಡಿದವರಲ್ಲ! ಅವರಿಗೆ ಬೇಕಾಗಿದ್ದದ್ದು ರುಚಿಯ ಬಗ್ಗೆ ತಮ್ಮೊಡನೆ ಜಗಳವಾಡುವ ಒಂದೇ ಒಂದು ಜೀವ. ಅತ್ತೆಗೂ ಗ್ಲಾಸು ಚಾಚಿ, ಒಂದು ಗುಟುಕು ಕುಡಿದು ಹೇಗಿದೆ ಹೇಳು ಸಾಕು ಎಂದು ಅಂಗಲಾಚುತ್ತಿದ್ದರು. ಅತ್ತೆ ಮೂಗಿಗೆ ಸೆರಗು ಒತ್ತಿಕೊಂಡು ಹಿತ್ತಲಿಗೆ ಹೋಗಿಬಿಡುತ್ತಿದ್ದರು. ಅವರದೇನು ತಪ್ಪು? ಅಂಗಡಿ ಮುಳುಗುವುದು ಎಲ್ಲರಿಗೂ ಕಾಣುತ್ತಿತ್ತು. ಕೊನೆಗೆ ಮುಳುಗಿಯೂ ಮುಳುಗಿತು.

ಕೆಲವು ವರ್ಷಗಳಲ್ಲಿ ಮಾವನಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ನಾಲಿಗೆಯ ರುಚಿಯೂ ಹೋಯಿತು. ಉಪ್ಪು ಯಾವುದು, ಸಕ್ಕರೆ ಯಾವುದು ತಿಳಿಯದು. ದೇವರಿಗೆ ಈ ಮನುಷ್ಯನಿಂದ ಕಸಿದುಕೊಳ್ಳಲು ಬೇರೇನೂ ಸಿಗಲಿಲ್ಲವೇ? ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟರು.

ನನಗೆ ತಡೆಯಲಾಗಲಿಲ್ಲ. ಬೆಳಗಾವಿಗೆ ಹೋಗಿ, ಅಲ್ಲಿ ಆಗಷ್ಟೇ ಬರತೊಡಗಿದ್ದ ಬಿಳಿ ರಮ್ ತಂದೆ. ಮಾವ ಎದ್ದು ಕುಳಿತು, ಎಡಗೈಯಲ್ಲೇ ರಮ್ಮು, ಸೋಡಾ, ನಾನು ಹಿಂಡಿಕೊಟ್ಟ ಲಿಂಬೆರಸ ಬೆರೆಸಿ ತುಟಿಗೆ ಮುಟ್ಟಿಸಿದರು. ಮುಖದಲ್ಲಿ ಏನೂ ಮೂಡಲಿಲ್ಲ. ನಾನೂ ಒಂದು ಗುಟುಕು ಕುಡಿದು, ಬಹಳ ಚೆನ್ನಾಗಿದೆ ಎಂದೆ. ನನ್ನ ಸುಳ್ಳು ಅವರಿಗೆ ಗೊತ್ತಾಯಿತು. ಮತ್ತೆ ಗೋಡೆಯ ಕಡೆ ತಿರುಗಿದರು.

ಅತ್ತೆ ಒಳಗಿನಿಂದ ಬಂದು ಗ್ಲಾಸು ಎತ್ತಿಕೊಂಡರು. ಚೆಲ್ಲಿಬಿಡುತ್ತಾರೆ ಎಂದುಕೊಂಡೆ. ಕಣ್ಣು ಬಿಗಿಯಾಗಿ ಮುಚ್ಚಿ ಕುಡಿದರು, ಕೆಮ್ಮಿದರು, ಇನ್ನೊಂದು ಗುಟುಕು ಕುಡಿದರು.

"ಲಿಂಬಿ ಕಡಿಮಿ ಆಗೇತಿ," ಎಂದರು.

ಮಾವ ಈ ಕಡೆ ಹೊರಳಿದರು. "ಬಿಳೇದಕ್ಕ ಅಷ್ಟ ಸಾಕು," ಎಂದು ಸೊಟ್ಟ ಬಾಯಲ್ಲೇ ತೊದಲಿದರು.

"ಎಲ್ಲಿ ಸಾಕು? ಕುಡದಾಕಿ ನಾನು. ನನ್ನ ಕೇಳ್ರಿ."

ಮಾವ ಅಳುತ್ತಲೇ ಉಳಿದ ಲಿಂಬೆ ಹೋಳಿಗೆ ಕೈಚಾಚಿದರು. ಅವರ ಕೈಲಿ ಹಿಂಡಲು ಆಗದೆಂದು ಅತ್ತೆ ಆ ಕೈಯ ಮೇಲೆ ತಮ್ಮ ಕೈ ಇಟ್ಟು ಹಿಂಡಿದರು.